ಚಿಗರಿ ಮೇಯ್ದ ತೊಗರಿ ಯಾರ ಲೆಕ್ಕಕ್ಕೆ?

ಜುಲೈ ತಿಂಗಳ ಒಂದು ಮುಂಜಾನೆ. ಆಳಂದ ತಾಲ್ಲೂಕಿನಲ್ಲಿ ನಮ್ಮ ಕಾಕಾ ಮಾಡುವ ಹೊಲ. ಬಿತ್ತಿ ಮೂರು ವಾರ ಆಗಿತ್ತು. ತೊಗರಿ ಇನ್ನೂ ಗೇಣುದ್ದ ಎದ್ದಿರಲಿಲ್ಲ. ಕಾಕಾ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಯಾವುದಕ್ಕೂ ಕುಡಿ ಇರಲಿಲ್ಲ. ತುದಿ ನಾರುನಾರಾಗಿ ಹರಿದಿತ್ತು. ಮೊಲ ತಿಂದರೆ ಬ್ಲೇಡಿನಿಂದ ಓರೆಯಾಗಿ ಕೊಯ್ದ ಹಾಗಿರುತ್ತದೆ. ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಮೇಲಿನ ಮುಂಬಲ್ಲು ಇಲ್ಲ. ಅದು ಕಚ್ಚಿ ಎಳೆಯುತ್ತದೆ, ಸಸಿ ಹರಿಯುತ್ತದೆ. ಪಕ್ಕದಲ್ಲೇ ಸೀಳು ಗೊರಸಿನ ಗುರುತು, ಸಣ್ಣ ಕಪ್ಪು ಹಿಕ್ಕೆ. ಹಿಕ್ಕೆ ಇನ್ನೂ ಒಣಗಿರಲಿಲ್ಲ.

“ನಲವತ್ತ್ ಐವತ್ತ್ ಇದ್ದಿರಬೇಕು ತಮ್ಮಾ. ಎರಡ್ ಎಕರೆ ಹೋಗ್ಯದ,” ಅಂದರು ಕಾಕಾ.

ಅರ್ಜಿ ಕೊಡೋಣ ಅಂತ ನಾನು ಅಂದೆ. ಅವರು ಎದ್ದು ಧೋತರದ ಮಣ್ಣು ಕೊಡವಿಕೊಂಡರು.

“ಯಾರಿಗ್ ಹೇಳಿ ಏನ್ ಮಾಡ್ತಿ? ಮತ್ತ ಬಿತ್ತೋದು.”

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಪ್ರತಿ ಮುಂಗಾರಿನಲ್ಲೂ ಈ ಮಾತು ಕೇಳಿಬರುತ್ತದೆ. ಪೇಪರಿನಲ್ಲಿ ‘ಜಿಂಕೆ ಹಾವಳಿ’ ಅಂತ ಬರುತ್ತದೆ. ಬೆಳೆ ಹೋಗುವುದು ಎಲ್ಲರಿಗೂ ಗೊತ್ತು. ಹೋದ ಬೆಳೆ ಯಾವ ಲೆಕ್ಕದಲ್ಲೂ ಸೇರುವುದಿಲ್ಲ ಅನ್ನುವುದು ಅದರ ಹಿಂದಿನ ದೊಡ್ಡ ನಷ್ಟ. ಈ ಲೇಖನ ಬರೆಯಲು ಅದೇ ಕಾರಣ.

ಆನೆ ಇಲ್ಲದ ಜಿಲ್ಲೆಗಳು

ಕಾಡುಪ್ರಾಣಿ ಮತ್ತು ಮನುಷ್ಯರ ಸಂಘರ್ಷ ಅಂದ ಕೂಡಲೇ ನಮ್ಮ ರಾಜ್ಯದಲ್ಲಿ ಕಣ್ಣಮುಂದೆ ಬರುವುದು ಆನೆ. ಅದರಲ್ಲಿ ತಪ್ಪೇನಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಅಂತ ಅಂದಾಜಾಯಿತು. ದೇಶದಲ್ಲೇ ನಾವು ಮುಂದೆ. ಕೊಡಗು, ಹಾಸನ, ಚಾಮರಾಜನಗರದಲ್ಲಿ ಜನ ಸಾಯುತ್ತಾರೆ, ತೋಟ ನೆಲಸಮವಾಗುತ್ತದೆ. ರೈಲ್ವೆ ಕಂಬಿಯ ಬೇಲಿ, ಕಂದಕ, ಆನೆ ಕಾರ್ಯಪಡೆ ಎಲ್ಲವೂ ಆ ಕಡೆಗೆ ಹೋಗುತ್ತವೆ.

ನಮ್ಮ ಕಡೆ ಆನೆ ಇಲ್ಲ. ಚಿಗರಿ ಇದೆ, ಕಾಡುಹಂದಿ ಇದೆ, ಮಂಗ ಇದೆ, ನವಿಲು ಇದೆ. ಕುರಿಯವರಿಗೆ ತೋಳ ಇದೆ. ಯಾದಗಿರಿ ಜಿಲ್ಲೆಯ ಕೃಷ್ಣೆಯ ದಂಡೆಯಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ನೀರಿಗಿಳಿಯುವವರಿಗೆ ಮೊಸಳೆಯ ಭಯ ಇದೆ. ಇವುಗಳಲ್ಲಿ ಹೆಚ್ಚಿನವು ಮನುಷ್ಯರನ್ನು ಕೊಲ್ಲುವುದಿಲ್ಲ. ಹಾಗಾಗಿ ಸುದ್ದಿಯಾಗುವುದಿಲ್ಲ. ಎರಡು ಎಕರೆ ಇಲ್ಲಿ, ಅರ್ಧ ಎಕರೆ ಅಲ್ಲಿ ಹೀಗೆ ತಿಂದು ಹೋಗುತ್ತವೆ. ಒಂದು ಊರಿನಲ್ಲಿ ಒಂದೇ ರಾತ್ರಿ ಎಲ್ಲರ ಹೊಲ ಹಾಳಾದರೆ ಜನ ಟ್ರ್ಯಾಕ್ಟರ್ ಹತ್ತಿ ತಹಶೀಲ್ದಾರ್ ಕಚೇರಿಗೆ ಹೋಗುತ್ತಾರೆ. ಒಬ್ಬನ ಹೊಲ ಹಾಳಾದರೆ ಅವನು ಸುಮ್ನೆ ಮತ್ತೆ ಬಿತ್ತುತ್ತಾನೆ.

ಇನ್ನೊಂದು ವಿಷಯ. ‘ಕಾಡಿನಿಂದ ನಾಡಿಗೆ ಬಂದ ಪ್ರಾಣಿ’ ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ರಾಜ್ಯದಲ್ಲೇ ಕಾಡು ತೀರಾ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮವೂ ಸೇರಿವೆ. ಹೆಸರು ಹೇಳುವಂಥ ದೊಡ್ಡ ಕಾಡು ಅಂದರೆ ಚಿಂಚೋಳಿಯದು. 2011ರಲ್ಲಿ ಅದನ್ನು ವನ್ಯಜೀವಿ ಧಾಮ ಮಾಡಿದರು, ಸುಮಾರು 135 ಚದರ ಕಿಲೋಮೀಟರ್. ಅದರ ಅಂಚಿನ ಊರು, ತಾಂಡಾಗಳ ಹೊಲಕ್ಕೆ ಹಂದಿ ಬರುವುದು ನಿಜ. ಆದರೆ ಚಿಗರಿ ಕಾಡಿನ ಪ್ರಾಣಿಯೇ ಅಲ್ಲ. ದಟ್ಟ ಮರದ ನಡುವೆ ಅದು ಇರುವುದಿಲ್ಲ. ದೂರಕ್ಕೆ ಕಣ್ಣು ಹಾಯಬೇಕು, ಅಪಾಯ ಕಂಡರೆ ಓಡಲು ಬಯಲು ಬೇಕು. ಅದು ಹುಲ್ಲುಗಾವಲಿನ ಪ್ರಾಣಿ. ನಮ್ಮ ಕಡೆ ಅಂಥ ಬಯಲಿಗೆ ಗಾಯರಾಣ ಅನ್ನುತ್ತಾರೆ.

ಆ ಗಾಯರಾಣ ಈಗ ಎಲ್ಲಿದೆ? ಅರ್ಧ ಒತ್ತುವರಿಯಾಗಿ ಹೊಲವಾಗಿದೆ. ಉಳಿದಿದ್ದರಲ್ಲಿ ಎಷ್ಟೋ ಕಡೆ ಗಿಡ ನೆಟ್ಟು ‘ಹಸಿರು’ ಮಾಡಿದ್ದಾರೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರ್ಸಿ ಕಲ್ಲಿಗೆ, ಸಿಮೆಂಟಿನ ಸುಣ್ಣಕಲ್ಲಿಗೆ ನೆಲ ಅಗೆದಿದ್ದಾರೆ. ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಒಣಬಯಲು ಭತ್ತದ ಗದ್ದೆಯಾಯಿತು. ರೈತರಿಗೆ ಅದರಿಂದ ಒಳ್ಳೆಯದಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚಿಗರಿಗೆ ಉಳಿದ ಜಾಗ ಕಿರಿದಾಯಿತು. ಸರ್ಕಾರದ ಕಡತದಲ್ಲಿ ಹುಲ್ಲುಗಾವಲು ಬಹುತೇಕ ‘ಪಾಳು ಭೂಮಿ’ ಅಂತಲೇ ಇದೆ. ಪಾಳು ಅಂತ ಬರೆದ ಮೇಲೆ ಅದನ್ನು ಯಾರು ಏನು ಬೇಕಾದರೂ ಮಾಡಬಹುದು, ಅಲ್ವಾ? ಅದು ಎಮ್ಮೆ, ಕುರಿ, ಚಿಗರಿ ಮೂರಕ್ಕೂ ಊಟ ಕೊಡುತ್ತಿದ್ದ ನೆಲ ಅನ್ನುವುದು ಯಾವ ಕಾಲಂನಲ್ಲೂ ಇಲ್ಲ.

ಇನ್ನು ಬಳ್ಳಾರಿ ಜಾಲಿ. ಹಳ್ಳದ ದಂಡೆ, ಕೆರೆಯ ಏರಿ, ಬಿಟ್ಟ ಹೊಲ ಎಲ್ಲ ಕಡೆ ಅದು ಮೆಳೆ ಕಟ್ಟಿದೆ. ಚಿಗರಿಗೆ ಆ ಮೆಳೆ ಬೇಡ. ಕಾಡುಹಂದಿಗೆ ಅದೇ ಮನೆ. ಹಗಲೆಲ್ಲ ಮುಳ್ಳಿನೊಳಗೆ ಮಲಗಿ ರಾತ್ರಿ ಹೊಲಕ್ಕಿಳಿಯುತ್ತದೆ. ಬೀದರ್ ಜಿಲ್ಲೆಯಲ್ಲಿ ಕಬ್ಬೂ ಅದೇ ಕೆಲಸ ಮಾಡುತ್ತದೆ. ಎಂಟು ಹತ್ತು ತಿಂಗಳ ಕಬ್ಬಿನೊಳಗೆ ಹಂದಿ ಮರಿ ಹಾಕಿ ಬೆಳೆಸಿದರೂ ಬದುವಿನ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಒಂದು ಕುಡಿ ಹೋದರೆ ಏನಾಗುತ್ತದೆ

ಪೇಟೆಯಲ್ಲಿರುವ ಗೆಳೆಯರು ಕೇಳುತ್ತಾರೆ: ತುದಿ ತಾನೇ ತಿಂದದ್ದು, ಮತ್ತೆ ಚಿಗುರುವುದಿಲ್ಲವಾ? ಒಳ್ಳೆಯ ಪ್ರಶ್ನೆ. ಯಾಕೆಂದರೆ ನಮ್ಮ ರೈತರೇ ತೊಗರಿಯ ಕುಡಿ ಚಿವುಟುತ್ತಾರೆ. ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟಿದರೆ ಪಕ್ಕದ ಟೊಂಗೆ ಜಾಸ್ತಿ ಒಡೆಯುತ್ತವೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಬ್ಯಾಟರಿಯ ಸಣ್ಣ ಯಂತ್ರವೂ ಬಂದಿದೆ. ಹಾಗಾದರೆ ಚಿಗರಿ ಮಾಡುವುದು ಪುಕ್ಕಟೆ ಕೆಲಸವಲ್ಲವೇ?

ಅಲ್ಲ. ಒಂದೂವರೆ ತಿಂಗಳ ಗಿಡಕ್ಕೆ ಬೇರು ಇಳಿದಿರುತ್ತದೆ, ಎಲೆ ತುಂಬಿರುತ್ತದೆ. ಮೂರು ವಾರದ ಸಸಿಗೆ ಆ ಶಕ್ತಿ ಇಲ್ಲ. ಜೊತೆಗೆ ಚಿಗರಿ ಒಂದು ಸಲ ತಿಂದು ಸುಮ್ಮನಾಗುವುದಿಲ್ಲ. ಮತ್ತೆ ಚಿಗುರಿದ್ದನ್ನು ನಾಲ್ಕು ದಿನ ಬಿಟ್ಟು ಬಂದು ಮತ್ತೆ ತಿನ್ನುತ್ತದೆ. ಐವತ್ತು ಚಿಗರಿಯ ಗೊರಸು ಹಸಿ ಕಪ್ಪು ಮಣ್ಣಿನಲ್ಲಿ ಓಡಾಡಿದರೆ ಸಸಿ ತುಳಿದೇ ಹೋಗುತ್ತದೆ. ಸೋಯಾ ಆದರೆ ಇನ್ನೂ ಕಷ್ಟ. ಸೋಯಾದ ಬೇಳೆ ಎರಡು ಹೋಳಾಗಿ ಮಣ್ಣಿನ ಮೇಲೆ ಬರುತ್ತದೆ. ಅದರ ಕೆಳಗೆ ಚಿಗುರುವ ಕಣ್ಣು ಇಲ್ಲ. ಆ ಹೋಳಿನ ಕೆಳಗೆ ಕಚ್ಚಿದರೆ ಗಿಡದ ಕಥೆ ಅಲ್ಲಿಗೇ ಮುಗಿಯಿತು. ಬೀದರ್ ಜಿಲ್ಲೆಯ ಔರಾದ, ಭಾಲ್ಕಿ ಕಡೆ ಸೋಯಾ ಹಾಕಿದವರಿಗೆ ಬಿತ್ತಿದ ಮೊದಲ ಎರಡು ವಾರ ಜೀವ ಕೈಯಲ್ಲಿ ಹಿಡಿದ ಹಾಗಿರುತ್ತದೆ.

ಮತ್ತೆ ಬಿತ್ತಿದರೆ ಆಯಿತಲ್ಲ ಅಂತ ಅನ್ನಬಹುದು. ಇಲ್ಲಿ ತೊಗರಿಯ ಒಂದು ಗುಣ ತಿಳಿಯಬೇಕು. ತೊಗರಿ ಹೂ ಬಿಡುವುದು ವಯಸ್ಸು ನೋಡಿಯಷ್ಟೇ ಅಲ್ಲ, ಹಗಲಿನ ಉದ್ದ ನೋಡಿ. ಮಳೆಗಾಲ ಮುಗಿದು ಹಗಲು ಕಿರಿದಾಗುತ್ತಾ ಬಂದ ಹಾಗೆ ಅದು ಹೂವಿಗೆ ತಿರುಗುತ್ತದೆ. ಜೂನ್‌ನಲ್ಲಿ ಬಿತ್ತಿದ ಗಿಡ ಆ ಹೊತ್ತಿಗೆ ಎದೆಯೆತ್ತರ ಬೆಳೆದು ಟೊಂಗೆ ಬಿಟ್ಟಿರುತ್ತದೆ. ಜುಲೈ ಕೊನೆಗೆ ಮರುಬಿತ್ತನೆ ಮಾಡಿದ್ದು ಮೊಣಕಾಲೆತ್ತರದಲ್ಲೇ ಹೂವಿಗೆ ಬರುತ್ತದೆ. ಟೊಂಗೆ ಕಡಿಮೆ, ಕಾಯಿ ಕಡಿಮೆ. ಕಾಯಿ ತುಂಬುವ ಹೊತ್ತಿಗೆ ನೆಲದ ತೇವವೂ ಆರಿರುತ್ತದೆ. ಅಂದರೆ ಚಿಗರಿ ತಿಂದದ್ದು ಸಸಿಯನ್ನಷ್ಟೇ ಅಲ್ಲ, ಒಂದು ತಿಂಗಳನ್ನೂ ತಿಂದಿತು.

ದುಡ್ಡಿನ ಲೆಕ್ಕ ಹಾಕಿ ನೋಡೋಣ. ಮಳೆ ನಂಬಿದ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಮರುಬಿತ್ತನೆಯಿಂದ ಅದು 3ಕ್ಕೆ ಇಳಿಯಿತು. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಎರಡು ಎಕರೆಗೆ 16,000 ರೂಪಾಯಿ ಹೋಯಿತು. ಅದರ ಮೇಲೆ ಎಕರೆಗೆ ಮತ್ತೆ 4–5 ಕೆಜಿ ಬೀಜ, 1,350 ರೂಪಾಯಿಯ ಡಿಎಪಿ ಚೀಲ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಎಲ್ಲರಿಗೂ ಹೆಮ್ಮೆ. ಆ ಹೆಮ್ಮೆಯ ಬೆಳೆಯನ್ನು ಎರಡೆರಡು ಸಲ ಬಿತ್ತುವ ಖರ್ಚು ಮಾತ್ರ ರೈತನದೇ.

ಗಿಡ ಎತ್ತರವಾದ ಮೇಲೆ ಚಿಗರಿ ತೊಗರಿ ಹೊಲದೊಳಗೆ ಬರುವುದು ಕಡಿಮೆ, ಕಣ್ಣಿಗೆ ಮರೆಯಾಗುವ ಬೆಳೆ ಅದಕ್ಕೆ ಇಷ್ಟವಿಲ್ಲ. ಆಗ ಹಂದಿಯ ಪಾಳಿ. ಶೇಂಗಾ ಅಗೆದು ಹಾಕುತ್ತದೆ, ಜೋಳ ಮುರಿದು ಕೆಡವುತ್ತದೆ, ಕಬ್ಬಿನ ಬುಡ ಕಡಿಯುತ್ತದೆ. ತಿನ್ನುವುದಕ್ಕಿಂತ ಕೆಡಿಸುವುದೇ ಜಾಸ್ತಿ. ಹಿಂಗಾರಿಯಲ್ಲಿ ಕಡಲೆ ಎದ್ದ ಕೂಡಲೇ ಮತ್ತೆ ಚಿಗರಿ. ಹೀಗೆ ವರ್ಷದಲ್ಲಿ ಹೊಲ ಕಾಯದೆ ಇರುವ ತಿಂಗಳು ಬೆರಳೆಣಿಕೆಯಷ್ಟು.

ರಾತ್ರಿಯ ಕೂಲಿ

ಕಾಯುವುದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಕಾಕಾನ ಮಂಚಿಗೆಯ ಮೇಲೆ ನಾನು ಒಂದು ರಾತ್ರಿ ಇದ್ದೆ. ನಾಲ್ಕು ಬಳ್ಳಾರಿ ಜಾಲಿ ಕಂಬ, ಮೇಲೆ ಹಗ್ಗದ ಹೊರಸು, ಅದರ ಮೇಲೆ ತಾಡಪತ್ರಿ. ಕೈಯಲ್ಲಿ ಬ್ಯಾಟರಿ, ಒಂದು ತಗಡಿನ ಡಬ್ಬಿ. ಬದುವಿನ ಸುತ್ತ ಕಾಕಿಯ ಹಳೆಯ ಸೀರೆಗಳನ್ನು ಕಟ್ಟಿದ್ದರು: ಹಸಿರು, ಕೆಂಪು, ಒಂದು ಮದುವೆಯದು. ಗಾಳಿಗೆ ಸೀರೆ ಆಡಿದರೆ ಮೊದಲ ವಾರ ಚಿಗರಿ ಹೆದರುತ್ತವಂತೆ. ಎರಡನೇ ವಾರ ಅದರ ಕೆಳಗೇ ನುಸುಳುತ್ತವೆ. ಪ್ರತಿ ಗಂಟೆಗೊಮ್ಮೆ ಕಾಕಾ ಡಬ್ಬಿ ಬಡಿದು “ಹೋಯ್” ಅಂತ ಕೂಗುತ್ತಿದ್ದರು. ಅತ್ತ ಕಡೆ ಹೊಲದಿಂದ ಇನ್ನೊಬ್ಬರು ಕೂಗುತ್ತಿದ್ದರು. ಹಿಂಡು ಇವರ ಹೊಲದಿಂದ ಅವರ ಹೊಲಕ್ಕೆ, ಅಲ್ಲಿಂದ ಮತ್ತೊಬ್ಬರ ಹೊಲಕ್ಕೆ. ಒಬ್ಬರು ಓಡಿಸಿದ್ದು ಇನ್ನೊಬ್ಬರಿಗೆ ಬಂದು ಬೀಳುತ್ತದೆ. ಅಕ್ಕಪಕ್ಕದವರ ನಡುವೆ ಇದರಿಂದ ಮಾತು ಬಿಟ್ಟದ್ದೂ ಇದೆ.

ಬೆಳಗ್ಗೆ ಆರಕ್ಕೆ ಮಂಚಿಗೆ ಇಳಿದ ಮನುಷ್ಯ ಎಂಟಕ್ಕೆ ಮತ್ತೆ ಎಡೆ ಹೊಡೆಯಲು ಹೋಗಬೇಕು. ತಿಂಗಳುಗಟ್ಟಲೆ ಹೀಗೆ ನಡೆದರೆ ಮೈ ಏನಾಗಬೇಡ? ಗಂಡಸರು ರಾತ್ರಿ ಕಾದು ಹಗಲು ಮಲಗಿದರೆ ಹಗಲಿನ ಕೆಲಸ ಹೆಂಗಸರ ತಲೆಗೆ ಬೀಳುತ್ತದೆ. ಹಗಲು ಮಂಗ, ನವಿಲು ಕಾಯಲು ಮುದುಕರು ಕೂರುತ್ತಾರೆ, ಮನೆಯಲ್ಲಿ ಮುದುಕರಿಲ್ಲದಿದ್ದರೆ ಮಕ್ಕಳು.

ಇದರ ಜೊತೆಗೆ ಹಾವು. ಕತ್ತಲಲ್ಲಿ ಬದುವಿನ ಹುಲ್ಲಿನ ಮೇಲೆ ನಡೆಯುವವರ ಕಾಲಿಗೆ ಕೊಳಕು ಮಂಡಲ ಸಿಗುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ಆ ಮನುಷ್ಯ ರಾತ್ರಿ ಹನ್ನೊಂದಕ್ಕೆ ಹೊಲದಲ್ಲಿ ಯಾಕಿದ್ದ ಅಂತ ಆಸ್ಪತ್ರೆಯ ಚೀಟಿಯಲ್ಲಿ ಬರೆಯುವುದಿಲ್ಲ. ಹಂದಿ ಕಾಯಲು ಹೋಗಿ ಹಾವು ಕಡಿಸಿಕೊಂಡದ್ದು ಹಾವಿನ ಲೆಕ್ಕಕ್ಕೆ ಹೋಗುತ್ತದೆ, ಹಂದಿಯ ಲೆಕ್ಕಕ್ಕೆ ಬರುವುದಿಲ್ಲ.

ತಡೆಯಲಾಗದೆ ಕೆಲವರು ಮಾಡಬಾರದ್ದನ್ನು ಮಾಡುತ್ತಾರೆ. ಪಂಪ್‌ಸೆಟ್ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುತ್ತಾರೆ. ಆ ತಂತಿಗೆ ಹಂದಿ ಸಾಯುವುದಕ್ಕೆ ಮೊದಲು ಪಕ್ಕದ ಹೊಲದವನು, ಇಲ್ಲವೇ ಮುಂಜಾನೆ ಮರೆತು ಬಂದ ಮನೆಯವರೇ ಸಾಯಬಹುದು. ಇನ್ನು ಕೆಲವರು ಥಿಮೆಟ್ ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ವಾಸನೆಗೆ ಅಂತ ತೂಗು ಹಾಕುತ್ತಾರೆ. ಅದು ಫೋರೇಟ್ ಅನ್ನುವ ಕೀಟನಾಶಕ, 2020ರ ಕೊನೆಯಿಂದ ನಿಷೇಧವಾಗಿದೆ, ಮುಟ್ಟಿದ ಕೈಗೇ ವಿಷ. ದಯವಿಟ್ಟು ಇವೆರಡನ್ನೂ ಮಾಡಬೇಡಿ.

ಬಿಟ್ಟುಹೋದ ಬೆಳೆಗಳು

ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟ ಇದೆ, ನನಗೆ ಅದೇ ಜಾಸ್ತಿ ಚಿಂತೆ. ರೈತ ಬೆಳೆಯನ್ನೇ ಬಿಟ್ಟುಬಿಡುತ್ತಾನೆ. ಹಂದಿ ಕಾಟಕ್ಕೆ ಶೇಂಗಾ ಬಿಟ್ಟವರಿದ್ದಾರೆ. ಮಂಗನ ಕಾಟಕ್ಕೆ ಹಿತ್ತಲಿನ ಕಾಯಿಪಲ್ಲೆ ಬಿಟ್ಟವರಿದ್ದಾರೆ. ಊರಿನಿಂದ ದೂರ, ಹಳ್ಳದ ಪಕ್ಕದ ಹೊಲವನ್ನು ಪಡ ಬಿಟ್ಟವರಿದ್ದಾರೆ. ಬಿತ್ತದ ಬೆಳೆಗೆ ಪರಿಹಾರ ಇಲ್ಲ, ವಿಮೆಯೂ ಇಲ್ಲ. ಆದರೆ ಮನೆಯ ಎಣ್ಣೆ, ಮನೆಯ ಕಾಯಿಪಲ್ಲೆ ಹೋಯಿತು, ಅಂಗಡಿಗೆ ದುಡ್ಡು ಹೋಗತೊಡಗಿತು.

ಹಿಂದೆ ನಮ್ಮ ಕಡೆ ಬಿಳಿಜೋಳ, ಕಡಲೆ ಹೊಲದ ಸುತ್ತ ನಾಲ್ಕಾರು ಸಾಲು ಕುಸುಬೆ ಹಾಕುತ್ತಿದ್ದರು. ಕುಸುಬೆ ಬಲಿತರೆ ಮೈಯೆಲ್ಲ ಮುಳ್ಳು. ದನ ಬಾಯಿ ಹಾಕುವುದಿಲ್ಲ, ಚಿಗರಿಯೂ ಒಳಗೆ ನುಗ್ಗಲು ಹಿಂಜರಿಯುತ್ತದೆ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ. ಆದರೆ ಅಗ್ಗದ ಪಾಮ್ ಎಣ್ಣೆ ಬಂತು. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗದಾಯಿತು. ಕುಸುಬೆ ಹೋಯಿತು, ಜೊತೆಗೆ ಬೇಲಿಯೂ ಹೋಯಿತು. ಹೊಲದಿಂದ ಹೊಲಕ್ಕೆ ಒಂದೇ ಬೆಳೆ, ನಡುವೆ ತಡೆಯೇ ಇಲ್ಲ. ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ಕುಸುಬೆ ಸಾಲಿನಲ್ಲಿ ಒಂದು ಬುದ್ಧಿ ಇತ್ತು.

ಕುರಿಯವರ ಮಾತೂ ಹೇಳಬೇಕು. ತೋಳ ಒಂದು ರಾತ್ರಿ ಹಟ್ಟಿಗೆ ನುಗ್ಗಿದರೆ ಎರಡು ಮೂರು ಕುರಿ ಹೋಗುತ್ತವೆ. ಕುರಿ ಅಂದರೆ ಅವರಿಗೆ ಬ್ಯಾಂಕು. ಊರೂರು ತಿರುಗುವವರು ಯಾವ ಕಚೇರಿಗೆ ಹೋಗಿ, ಯಾವ ಪಶುವೈದ್ಯರನ್ನು ಕರೆದು ಪಂಚನಾಮೆ ಮಾಡಿಸಬೇಕು? ಅಷ್ಟರಲ್ಲಿ ಹಟ್ಟಿ ಮುಂದಿನ ಊರಿಗೆ ಹೋಗಿರುತ್ತದೆ. ಇದರಲ್ಲಿ ಇನ್ನೊಂದು ಸಂಬಂಧ ಇದೆ. ಚಿಗರಿ ಮರಿಗಳನ್ನು ಹಿಡಿದು ತಿನ್ನುವುದೂ ಈ ತೋಳವೇ. ಕುರಿಯವರು ಹೆದರುವ ಪ್ರಾಣಿ ತೊಗರಿಯವರಿಗೆ ಬೇಕಾದದ್ದು. ತೋಳ ಕಡಿಮೆಯಾದಷ್ಟೂ ಚಿಗರಿ ಹಿಂಡಿಗೆ ತಡೆ ಕಡಿಮೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ್ದಾರೆ. ತೋಳ ಉಳಿಯಬೇಕಾದರೆ ಕುರಿಯವರಿಗೆ ಸತ್ತ ಕುರಿಯ ದುಡ್ಡು ಬೇಗ ಸಿಗಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಪರಿಹಾರದ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ

ನಿಯಮ ಇಲ್ಲವೇ ಅಂದರೆ, ಇದೆ. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆ ಕೊಡುವ ಹಣಕ್ಕೆ ‘ದಯಾತ್ಮಕ ಧನ’ ಅನ್ನುತ್ತಾರೆ. ಆ ಹೆಸರೇ ನನಗೆ ಒಗ್ಗುವುದಿಲ್ಲ. ಪ್ರಾಣಿ ಉಳಿಸುವುದು ಇಡೀ ದೇಶದ ಕೆಲಸ, ಅದರ ಖರ್ಚು ಹೊತ್ತ ರೈತನಿಗೆ ಕೊಡುವುದು ದಯೆ ಹೇಗಾಗುತ್ತದೆ? ಇರಲಿ. ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾಳಾದ ಬೆಳೆಯ ಫೋಟೊ ಬೇಕು. ಸಿಬ್ಬಂದಿ ಬಂದು ನೋಡಿ ಮಹಜರು ಬರೆಯಬೇಕು. ಇ-ಪರಿಹಾರ ತಂತ್ರಾಂಶದಲ್ಲಿ ಏರಿಸಬೇಕು.

ಕಾಗದದ ಮೇಲೆ ಸರಿಯಾಗೇ ಇದೆ. ಹೊಲದಲ್ಲಿ ಏನಾಗುತ್ತದೆ ನೋಡಿ. ಬಿತ್ತಲು ಬೇಕಾದ ನೆಲದ ಹದ ಇರುವುದು ನಾಲ್ಕೈದು ದಿನ. ಸಿಬ್ಬಂದಿ ಬರುವವರೆಗೆ ಮರುಬಿತ್ತನೆ ನಿಲ್ಲಿಸಿದರೆ ಹದ ಆರುತ್ತದೆ. ಬಿತ್ತಿಬಿಟ್ಟರೆ ತಿಂದ ಗುರುತೇ ಇರುವುದಿಲ್ಲ, ಮಹಜರು ಯಾವುದಕ್ಕೆ? ಎಷ್ಟೋ ಜನ ಹದವನ್ನೇ ಆರಿಸಿಕೊಳ್ಳುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಎರಡನೆಯದು ಪಹಣಿ. ಅಪ್ಪನ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುವ ಜಮೀನು ಇಲ್ಲಿ ಸಾಕಷ್ಟಿದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿರುತ್ತಾರೆ, ಕಾಗದದಲ್ಲಿ ಅಲ್ಲ. ಅದಕ್ಕಿಂತ ಹೆಚ್ಚಾಗಿ ಲಾವಣಿ, ಅಂದರೆ ಗೇಣಿ. ಮಾಲೀಕರು ಕಲಬುರಗಿಯಲ್ಲೋ ಹೈದರಾಬಾದ್‌ನಲ್ಲೋ ಇರುತ್ತಾರೆ. ಹೊಲ ಮಾಡುವವರು ವರ್ಷಕ್ಕಿಷ್ಟು ಅಂತ ಮೊದಲೇ ಕೊಟ್ಟು ಹಾಕಿಕೊಂಡಿರುತ್ತಾರೆ. ಪತ್ರ ಇರುವುದಿಲ್ಲ. ಬೀಜ, ಗೊಬ್ಬರ, ರಾತ್ರಿ ನಿದ್ದೆ ಎಲ್ಲ ಲಾವಣಿ ಹಾಕಿಕೊಂಡವರದು. ಪಹಣಿ ಮಾಲೀಕರದು. ಬೆಳೆ ಹೋದರೆ ಅರ್ಜಿ ಹಾಕುವ ಹಕ್ಕು ನಷ್ಟವಾಗದವರಿಗೆ ಇದೆ, ನಷ್ಟವಾದವರಿಗೆ ಇಲ್ಲ.

2025ರ ಆಗಸ್ಟ್–ಸೆಪ್ಟೆಂಬರ್ ಮಳೆಯನ್ನು ನೆನಪಿಸಿಕೊಳ್ಳಿ. ಭೀಮೆ ಉಕ್ಕಿತು, ತೊಗರಿ, ಹತ್ತಿ, ಹೆಸರು ಕೊಳೆತವು. ಮುಖ್ಯಮಂತ್ರಿ ಹೆಲಿಕಾಪ್ಟರಿನಲ್ಲಿ ಬಂದು ನೋಡಿದರು. ಕೇಂದ್ರದ ಮಾನದಂಡದ ಜೊತೆಗೆ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಕೊಡುತ್ತೇವೆ ಅಂದರು. ಕೊಟ್ಟದ್ದು ಸಾಕಾಯಿತೋ ಇಲ್ಲವೋ ಬೇರೆ ಮಾತು, ಮಳೆಗೆ ಒಂದು ದಾರಿ ಇದೆ. ಜಂಟಿ ಸಮೀಕ್ಷೆ ಆಗುತ್ತದೆ, ಊರಿಗೆ ಊರೇ ಪಟ್ಟಿಗೆ ಬರುತ್ತದೆ. ಚಿಗರಿಗೆ ಜಂಟಿ ಸಮೀಕ್ಷೆ ಇಲ್ಲ.

ಈಗ ಒಂದು ಹೊಸ ಬಾಗಿಲು ತೆರೆದಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಫಸಲ್ ಬಿಮಾ ಯೋಜನೆಯಲ್ಲಿ ಬದಲಾವಣೆ ಪ್ರಕಟಿಸಿತು. 2026ರ ಮುಂಗಾರಿನಿಂದ ಕಾಡುಪ್ರಾಣಿ ದಾಳಿಯನ್ನು ಸ್ಥಳೀಯ ಹಾನಿಯ ಗುಂಪಿಗೆ ಹೆಚ್ಚುವರಿ ರಕ್ಷಣೆಯಾಗಿ ಸೇರಿಸಲಾಗುತ್ತದೆ ಅಂದಿತು. ಇದು ಯಾಕೆ ದೊಡ್ಡದು? ಈ ವಿಮೆಯಲ್ಲಿ ಸಾಮಾನ್ಯವಾಗಿ ನಷ್ಟ ಅಳೆಯುವುದು ಇಡೀ ಗ್ರಾಮ ಪಂಚಾಯಿತಿಗೋ ಹೋಬಳಿಗೋ ಒಟ್ಟಾಗಿ. ಪಂಚಾಯಿತಿಯ ಸರಾಸರಿ ಇಳುವರಿ ಚೆನ್ನಾಗಿದ್ದರೆ, ಚಿಗರಿ ಮೇಯ್ದ ಒಬ್ಬನಿಗೆ ಏನೂ ಸಿಗುವುದಿಲ್ಲ. ಸ್ಥಳೀಯ ಹಾನಿಯ ಗುಂಪಿನಲ್ಲಿ ಒಂದೊಂದು ಹೊಲವನ್ನೇ ನೋಡುತ್ತಾರೆ. ಆಲಿಕಲ್ಲು ಬಿದ್ದರೆ ಹೀಗೇ ನೋಡುವುದು. ನಷ್ಟವಾದ 72 ಗಂಟೆಯೊಳಗೆ, ಜಾಗದ ಗುರುತು ಇರುವ ಫೋಟೊ ಸಮೇತ ಬೆಳೆ ವಿಮೆಯ ಆ್ಯಪ್‌ನಲ್ಲಿ ದೂರು ಹಾಕಬೇಕು. ಮರುಬಿತ್ತನೆಯ ಅವಸರದಲ್ಲಿರುವವನಿಗೆ ಇದು ಅನುಕೂಲ: ಬೆಳಗ್ಗೆ ಫೋಟೊ ತೆಗೆಯಬಹುದು, ದೂರು ಹಾಕಬಹುದು.

ಆದರೆ ಒಂದು ಮಾತನ್ನು ಗಮನವಿಟ್ಟು ಓದಬೇಕು. ಯಾವ ಪ್ರಾಣಿಗಳು, ಯಾವ ಜಿಲ್ಲೆಗಳು ಅಂತ ಪಟ್ಟಿ ಮಾಡುವುದು ರಾಜ್ಯ ಸರ್ಕಾರ. ಹೆಚ್ಚು ತೊಂದರೆ ಇರುವ ಜಿಲ್ಲೆಗಳನ್ನು ಹಿಂದಿನ ದಾಖಲೆ ನೋಡಿ ಗುರುತಿಸಬೇಕು. ಹಿಂದಿನ ದಾಖಲೆ! “ಯಾರಿಗ್ ಹೇಳಿ ಏನ್ ಮಾಡ್ತಿ” ಅಂತ ಇಷ್ಟು ವರ್ಷ ಅರ್ಜಿಯನ್ನೇ ಹಾಕದ ಊರಿಗೆ ಯಾವ ದಾಖಲೆ ಇರುತ್ತದೆ? ಆನೆ ಇರುವ ಜಿಲ್ಲೆಯಲ್ಲಿ ಅರ್ಜಿಗಳ ರಾಶಿ ಇದೆ, ಜನ ಸತ್ತ ಲೆಕ್ಕ ಇದೆ. ನಮ್ಮಲ್ಲಿ ಮರುಬಿತ್ತನೆ ಮಾಡಿದ ಹೊಲ ಇದೆ, ಕಾಗದ ಇಲ್ಲ. ಹಿಂದಿನ ವರ್ಷಗಳ ಮೌನವೇ ಮುಂದಿನ ವರ್ಷದ ಪಟ್ಟಿಯಿಂದ ನಮ್ಮನ್ನು ಹೊರಗಿಡಬಹುದು. ಇದು ಆಗಬಾರದು. ಅರಣ್ಯ ಇಲಾಖೆಯ ಅರ್ಜಿಗಳನ್ನಷ್ಟೇ ನೋಡದೆ, ಕೃಷಿ ಇಲಾಖೆಯವರು ರೈತ ಸಂಪರ್ಕ ಕೇಂದ್ರದ ಮೂಲಕ ಮರುಬಿತ್ತನೆಯ ಲೆಕ್ಕ ತೆಗೆಯಬೇಕು. ಯಾವ ಊರಲ್ಲಿ ಯಾಕೆ ಎರಡನೇ ಸಲ ಬೀಜ ಕೊಂಡರು ಅಂತ ಕೇಳಿದರೆ ಸಾಕು, ಚಿಗರಿಯ ದಾರಿ ಕಾಣುತ್ತದೆ. ಗ್ರಾಮ ಸಭೆಯಲ್ಲಿ ಠರಾವು ಮಾಡಿ ಕಳಿಸುವುದಕ್ಕೂ ಯಾರ ಅಡ್ಡಿಯೂ ಇಲ್ಲ.

ಹೊಡೆಯಬೇಕಾ, ಹಿಡಿಯಬೇಕಾ, ಬೇಲಿ ಹಾಕಬೇಕಾ

ಕೋಪದಲ್ಲಿ ‘ಹೊಡೆದು ಹಾಕಿ’ ಅನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಅಧಿಕಾರಿಯೇ ಅನುಮತಿ ಕೊಡುವ ಅವಕಾಶ ಕಾಯ್ದೆಯ 11ನೇ ಕಲಮಿನಲ್ಲಿದೆ. ಕೇರಳದಲ್ಲಿ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿದರು. ಹಂದಿಯ ವಿಷಯದಲ್ಲಿ ನಮ್ಮಲ್ಲೂ ಅದರ ಬಗ್ಗೆ ಮಾತಾಡಬಹುದು. ಆದರೆ ಜಾಲಿ ಮೆಳೆ ಹಾಗೇ ಇದ್ದು ನಾಲ್ಕು ಹಂದಿ ಹೊಡೆದರೆ ಮುಂದಿನ ವರ್ಷ ಎಂಟು ಬರುತ್ತವೆ. ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ.

ಚಿಗರಿಯನ್ನು ಹಿಡಿದು ಸಾಗಿಸುವ ಪ್ರಯೋಗ ಮಧ್ಯಪ್ರದೇಶದ ಶಾಜಾಪುರದಲ್ಲಿ 2025ರ ಅಕ್ಟೋಬರ್–ನವೆಂಬರ್‌ನಲ್ಲಿ ನಡೆಯಿತು. ಹೆಲಿಕಾಪ್ಟರಿನಿಂದ ಹಿಂಡನ್ನು ಮೆಲ್ಲಗೆ ತಳ್ಳುತ್ತಾ, ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುವ ಬೇಲಿಯೊಳಗೆ ಸೇರಿಸುವುದು. ಬೋಮಾ ಅಂತ ಅದರ ಹೆಸರು, ಆಫ್ರಿಕಾದಿಂದ ಬಂದ ವಿಧಾನ. 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹೀಗೆ ಸಾಗಿಸಿದರು. ಕೈಯಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಚಿಗರಿ ಹೆದರಿಕೆಗೇ ಸಾಯುತ್ತದೆ, ಅದಕ್ಕೇ ಇಷ್ಟು ಸಿದ್ಧತೆ. ನಮ್ಮಲ್ಲೂ ಮಾಡಬಹುದು. ಆದರೆ ಹಿಡಿದು ಎಲ್ಲಿ ಬಿಡಬೇಕು? ಹುಲ್ಲು ಇರುವ ಬಯಲು ಎಲ್ಲಿದೆ? ಮತ್ತೆ ಗಾಯರಾಣದ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಸೋಲಾರ್ ಬೇಲಿ ಕೆಲಸ ಮಾಡುತ್ತದೆ, ಅದು ಕ್ಷಣದ ಹೊಡೆತ ಮಾತ್ರ ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಕರೆಂಟ್ ಸೋರುತ್ತದೆ. ವಾರಕ್ಕೊಮ್ಮೆ ಹುಲ್ಲು ಸವರಬೇಕು. ಚಿಗರಿ ಹಾರುವುದಕ್ಕಿಂತ ತಂತಿ ಕೆಳಗೆ ನುಸುಳುವುದೇ ಜಾಸ್ತಿ, ಹಾಗಾಗಿ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಬೇಕು. ಒಬ್ಬನೇ ಹಾಕಿದರೆ ಹಿಂಡು ಪಕ್ಕದವನ ಮೇಲೆ ಹೋಗುತ್ತದೆ. ಇಪ್ಪತ್ತು ಮೂವತ್ತು ಎಕರೆಗೆ ಸೇರಿ ಹಾಕಿದರೆ ಖರ್ಚೂ ಕಡಿಮೆ, ಜಗಳವೂ ಕಡಿಮೆ. ಸಹಾಯಧನವನ್ನು ಒಬ್ಬೊಬ್ಬರಿಗೆ ಹಂಚುವ ಬದಲು ಗುಂಪಿಗೆ ಕೊಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬೇಲಿ ಹಾಕಿದಷ್ಟೇ ಮುಖ್ಯ, ಉಳಿದ ಗಾಯರಾಣದಲ್ಲಿ ಜಾಲಿ ಕಿತ್ತು ಹುಲ್ಲು ಬರಲು ಬಿಡುವುದು. ಉದ್ಯೋಗ ಖಾತ್ರಿಯಲ್ಲಿ ಗುಂಡಿ ತೋಡಿ ಗಿಡ ನೆಡುವುದಕ್ಕಿಂತ ಅದು ಊರಿನ ದನಕ್ಕೂ ಚಿಗರಿಗೂ ಆಗುತ್ತದೆ. ಎಲ್ಲ ಬಯಲಿಗೂ ಮರ ಬೇಕಿಲ್ಲ.

ಕಾಕಾ ಆ ಎರಡು ಎಕರೆಗೆ ಮತ್ತೆ ಬಿತ್ತಿದರು. ಮಂಚಿಗೆ ಕಟ್ಟಿದ್ದು ಅದಾದ ಮೇಲೆಯೇ. ಹಿಂಗಾರಿಯಲ್ಲಿ ಕಡಲೆಯ ಸುತ್ತ ಆರು ಸಾಲು ಕುಸುಬೆ ಹಾಕುತ್ತೇನೆ ಅಂದಿದ್ದಾರೆ, ಬೀಜ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದಾರೆ. ಮೊಬೈಲಿನಲ್ಲಿ ಜಾಗದ ಗುರುತು ಬರುವ ಹಾಗೆ ಫೋಟೊ ತೆಗೆಯುವುದನ್ನು ಅವರ ಮಗಳಿಗೆ ಕಲಿಸಿದ್ದೇನೆ. ಇನ್ನು ಮುಂದೆ ತಿಂದರೆ ಮೊದಲು ಫೋಟೊ, ಆಮೇಲೆ ಬಿತ್ತನೆ.

ಆದರೆ ಚಿಗರಿ ತಿಂದ ಆ ಎರಡು ಎಕರೆ ಲಾವಣಿಯದು. ಪಹಣಿ ಇರುವ ಮಾಲೀಕರು ಕಲಬುರಗಿಯಲ್ಲಿದ್ದಾರೆ. ಅರ್ಜಿಗಾಗಲಿ ವಿಮೆಗಾಗಲಿ ಅವರ ಒಪ್ಪಿಗೆ ಬೇಕು. ಹೋಗಿ ಕೇಳೋಣ, ನಾನೂ ಬರುತ್ತೇನೆ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕಾಗದ ಕೇಳ್ಲಾಕ್ ಹೋದ್ರ, ಮುಂದಿನ ವರ್ಷ ಹೊಲ ಬ್ಯಾರೆದವ್ರಿಗಿ ಹಾಕಿದ್ರ ಏನ್ ಮಾಡ್ಲಿ ತಮ್ಮಾ?”